ಕ್ಯಾತನ ಕೀಲು

ಭಾರತೀಯ ಅನಿಮೇಷನ್ನಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಮುಂಬೈಯಿಂದ ಶುರು ಮಾಡುತ್ತಾರೆ. ದಾದಾಸಾಹೇಬ್ ಫಾಲ್ಕೆ 1915ರಲ್ಲಿ ಬೆಂಕಿಕಡ್ಡಿಗಳನ್ನು ಕುಣಿಸಿ ತೆಗೆದ ಪುಟ್ಟ ಚಿತ್ರ ಮೊದಲು ಬರುತ್ತದೆ. ಆಮೇಲೆ 1956. ಆ ಹೊತ್ತಿಗೆ ಫಿಲ್ಮ್ಸ್ ಡಿವಿಷನ್ನಿನಲ್ಲಿ ಕಾರ್ಟೂನ್ ವಿಭಾಗ ಹುಟ್ಟಿಕೊಂಡು, ಡಿಸ್ನಿ ಸ್ಟುಡಿಯೋದಲ್ಲಿ ಪಳಗಿದ ಕ್ಲೇರ್ ವೀಕ್ಸ್ ಎಂಬ ಕಲಾವಿದರು ಇಲ್ಲಿನವರಿಗೆ ತರಬೇತಿ ಕೊಟ್ಟರು. 1957ರಲ್ಲಿ ಜಾತಕ ಕಥೆಯೊಂದನ್ನು ಆಧರಿಸಿದ ‘ದಿ ಬನಿಯನ್ ಡೀರ್’ ತಯಾರಾಯಿತು. ಸಿನಿಮಾ ಎಂಬ ಯಂತ್ರದ ಚರಿತ್ರೆಯಾಗಿ ಇದು ಸರಿಯೇ. ಆದರೆ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ನೋಡೋಣ. ಗೆರೆಯಲ್ಲಿ ಬರೆದ ಒಬ್ಬ ಇಡೀ ಮನುಷ್ಯ, ನೆತ್ತಿಯಿಂದ ಅಂಗಾಲಿನವರೆಗೆ, ಬಿಳಿ ಪರದೆಯ ಮೇಲೆ ನಡೆದು, ಕುಣಿದು, ಹೆಂಡತಿಯ ಜೊತೆ ಜಗಳವಾಡಿ, ಕೂತವರನ್ನು ಹೊಟ್ಟೆ ಹಿಡಿದು ನಗುವಂತೆ ಮಾಡಿದ್ದು ಎಲ್ಲಿ? ಹಾಗೆ ಕೇಳಿದರೆ ಮುಂಬೈಗೆ ಹೋಗುವ ಮೊದಲು ಕೋಲಾರ, ಮುಳಬಾಗಿಲಿನ ದಾರಿ ಹಿಡಿಯಬೇಕಾಗುತ್ತದೆ. ಅವನಿಗೆ ಅಲ್ಲಿ ಹೆಸರೂ ಇದೆ. ಕಿಳ್ಳೇಕ್ಯಾತ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂದಾಗ ನಮಗೆ ಚಿನ್ನ, ಹೆಂಚು, ದೋಸೆ, ಮಾವು ನೆನಪಾಗುತ್ತವೆ. ಸಾಹಿತ್ಯದವರಿಗೆ ಮಾಸ್ತಿ ಮತ್ತು ಡಿ.ವಿ.ಜಿ. ನೆನಪಾಗುತ್ತಾರೆ. ಗೊಂಬೆಯಾಟದ ಚರಿತ್ರೆಗೆ ಮಾತ್ರ ಈ ಸೀಮೆ ಮುಖ್ಯವಾಗುವುದು ಅದು ಗಡಿ ಎಂಬ ಕಾರಣಕ್ಕೆ. ಶ್ರೀನಿವಾಸಪುರ ದಾಟಿದರೆ ಮದನಪಲ್ಲಿ, ಮುಳಬಾಗಿಲು ದಾಟಿದರೆ ಪಲಮನೇರು, ಮಾಲೂರು ದಾಟಿದರೆ ಹೊಸೂರು. ಒಂದು ಕಾಲಕ್ಕೆ ಈ ಕಡೆ ಮೈಸೂರು ಸಂಸ್ಥಾನ, ಆ ಕಡೆ ಮದ್ರಾಸ್ ಪ್ರೆಸಿಡೆನ್ಸಿ. ಜನ ಮಾತ್ರ ಸಂತೆಯಲ್ಲಿ ಕನ್ನಡದಲ್ಲಿ ಚೌಕಾಸಿ ಮಾಡಿ ಮನೆಯಲ್ಲಿ ತೆಲುಗಿನಲ್ಲಿ ಬೈದುಕೊಳ್ಳುವವರು. ತೊಗಲು ಗೊಂಬೆಯ ಪೆಟ್ಟಿಗೆ ಹೊತ್ತು ಊರೂರು ಅಲೆಯುತ್ತಿದ್ದ ಮೇಳಗಳಿಗೂ ಗಡಿ ಅಡ್ಡ ಬಂದಿಲ್ಲ. ಹೀಗಾಗಿ ಎರಡು ರೀತಿಯ ಗೊಂಬೆಗಳು ಎದುರುಬದುರಾಗುವ ಜಾಗ ಇದು: ಕನ್ನಡದ ತೊಗಲು ಗೊಂಬೆಯಾಟ, ತೆಲುಗಿನ ತೋಲು ಬೊಮ್ಮಲಾಟ. ಹಾಸ್ಯಗಾರನ ಹೆಸರೂ ಜೋಡಿಜೋಡಿ. ಕನ್ನಡದಲ್ಲಿ ಅವನು ಕಿಳ್ಳೇಕ್ಯಾತ, ತೆಲುಗಿನಲ್ಲಿ ಜುಟ್ಟುಪೋಲಿಗಾಡು ಮತ್ತು ಕೇತಿಗಾಡು. ಹೆಂಡತಿ ಮಾತ್ರ ಎರಡೂ ಕಡೆ ಒಬ್ಬಳೇ, ಬಂಗಾರಕ್ಕ. ಚಿನ್ನದ ಗಣಿಯ ಜಿಲ್ಲೆಯಲ್ಲಿ ಆ ಹೆಸರು ಕೇಳಿದರೆ ನಗು ಬರುತ್ತದೆ. ಪರದೆಯ ಮೇಲಿನ ಬಂಗಾರಕ್ಕನ ಮೈಮೇಲೆ ಬಂಗಾರವೇನೂ ಇರಲಿಲ್ಲ.

ಗೊಂಬೆ ಮಾಡುವ ಕೆಲಸವನ್ನು ನಾವು ಕರಕುಶಲ ಎಂದು ಒಂದು ಪದದಲ್ಲಿ ಮುಗಿಸಿಬಿಡುತ್ತೇವೆ. ಅದು ಮೊದಲಿಗೆ ಚಿತ್ರಕಲೆ, ಅದರಲ್ಲೂ ಗೆರೆಯ ಕಲೆ. ಹೆಚ್ಚಾಗಿ ಆಡಿನ ತೊಗಲು. ನೆನೆಸಿ, ಕೂದಲು ಹೆರೆದು, ಎಳೆದು ಕಟ್ಟಿ ಒಣಗಿಸಿದಾಗ ಅದು ಬೆಳಕು ಹಾಯುವಷ್ಟು ತೆಳುವಾಗುತ್ತದೆ. ಅದರ ಮೇಲೆ ಮೊನಚಾದ ಕಡ್ಡಿಯಿಂದ ಆಕೃತಿ ಗೀಚಬೇಕು. ಇಲ್ಲಿ ರಬ್ಬರ್ ಇಲ್ಲ, ಗೀಚಿದ್ದು ಗೀಚಿದ್ದೇ. ಆಮೇಲೆ ಎರಡೂ ಮಗ್ಗುಲಿಗೆ ಬಣ್ಣ, ಕೆಂಪು, ಕಪ್ಪು, ಹಸಿರು. ಕೊನೆಗೆ ಬಗೆಬಗೆಯ ಉಳಿಗಳಿಂದ ಚುಕ್ಕಿ, ಎಸಳು, ಗೀರುಗಳನ್ನು ಕತ್ತರಿಸಿ ತೆಗೆಯುವುದು. ಕಿರೀಟದ ಅಂಚು, ಸರದ ಮಣಿ, ಸೀರೆಯ ನೆರಿಗೆ, ರೆಪ್ಪೆ, ಎಲ್ಲವೂ ಹೀಗೆ ತೆಗೆದ ರಂಧ್ರಗಳ ಸಾಲು. ಕಾಗದದ ಮೇಲೆ ಬರೆಯುವವನಿಗೆ ಗೆರೆ ಎಂದರೆ ಮಸಿ. ಗೊಂಬೆಯವನಿಗೆ ಗೆರೆ ಎಂದರೆ ತೂತು. ದೀಪ ಹಚ್ಚಿದಾಗ ಬಣ್ಣದ ತೊಗಲು ಮಂಕಾಗಿ ಹೊಳೆಯುತ್ತದೆ, ಕತ್ತರಿಸಿದ ಜಾಗ ಮಾತ್ರ ಉರಿಯುತ್ತದೆ. ಹರಳೆಣ್ಣೆಯ ದೀಪದ ಕಾಲದಲ್ಲಿ ಆ ಉರಿ ಅಲುಗಾಡುತ್ತಿತ್ತು, ಜೊತೆಗೆ ಗೆರೆಯೂ. ಪೆಟ್ರೋಮ್ಯಾಕ್ಸ್ ಬಂದಮೇಲೆ ಬೆಳಕು ಹೆಚ್ಚಿತು, ಅಲುಗಾಟ ಹೋಯಿತು.

ಫ್ರಾನ್ಸಿನ ಎಮಿಲ್ ಕೋಲ್ 1908ರಲ್ಲಿ ಮಾಡಿದ ‘ಫಾಂಟಾಸ್ಮಗೋರಿ’ಯನ್ನು ಕೈಯಿಂದ ಬರೆದ ಮೊದಲ ಅನಿಮೇಷನ್ ಚಿತ್ರಗಳಲ್ಲಿ ಒಂದೆಂದು ಎಣಿಸುತ್ತಾರೆ. ಎರಡು ನಿಮಿಷವೂ ಇಲ್ಲದ ಆ ಚಿತ್ರಕ್ಕೆ ಸುಮಾರು 700 ಚಿತ್ರಗಳು ಬೇಕಾದವು. ಬಿಳಿ ಕಾಗದದ ಮೇಲೆ ಕಪ್ಪು ಗೆರೆಯಲ್ಲಿ ಬರೆದದ್ದನ್ನು ಅವರು ನೆಗೆಟಿವ್ ಆಗಿ ಅಚ್ಚು ಹಾಕಿದರು. ಆದ್ದರಿಂದ ಪರದೆಯ ಮೇಲೆ ಕಂಡದ್ದು ಕತ್ತಲಲ್ಲಿ ಓಡಾಡುವ ಬೆಳಕಿನ ಗೆರೆಯ ಮನುಷ್ಯ, ಅವನೂ ಒಬ್ಬ ಕೋಡಂಗಿಯೇ. ಪ್ಯಾರಿಸ್ಸಿಗೂ ಪಲಮನೇರಿಗೂ ನಂಟು ಕಟ್ಟುವುದು ನನ್ನ ಉದ್ದೇಶವಲ್ಲ. ಗೆರೆಯನ್ನು ಜೀವಂತ ಮಾಡಹೊರಟ ಇಬ್ಬರೂ ಅದನ್ನು ಬೆಳಕಾಗಿಸಿದರು, ಇಬ್ಬರಿಗೂ ಮೊದಲು ಬೇಕಾದದ್ದು ನಗಿಸುವವನು.

ಇನ್ನು ಕೀಲಿನ ವಿಷಯ. ಕನ್ನಡ ನಾಡಿನ ಗೊಂಬೆಗಳು ಸಾಮಾನ್ಯವಾಗಿ ಚಿಕ್ಕವು. ಅನೇಕವು ಒಂದೇ ಹಾಳೆ. ರಾಮ, ಸೀತೆ, ಪಕ್ಕದ ಮರ, ಮರದ ಮೇಲಿನ ಹಕ್ಕಿ ಎಲ್ಲ ಸೇರಿ ಒಂದೇ ತೊಗಲಿನಲ್ಲಿ ದೃಶ್ಯವಾಗಿ ನಿಲ್ಲುವುದುಂಟು. ಆಂಧ್ರದವು ಆಳೆತ್ತರಕ್ಕೆ ಹತ್ತಿರ. ಭುಜ, ಮೊಣಕೈ, ಸೊಂಟ, ಮೊಣಕಾಲುಗಳಲ್ಲಿ ಬೇರೆಬೇರೆ ತುಂಡುಗಳನ್ನು ದಾರದ ಗಂಟಿನಿಂದ ಜೋಡಿಸಿರುತ್ತಾರೆ. ಎತ್ತರಕ್ಕೆ ದರ್ಜೆಯ ಲೆಕ್ಕವೂ ಇದೆ. ರಾಜರು, ದೇವರು ದೊಡ್ಡವರು. ಆಳುಕಾಳು, ಸಾಮಾನ್ಯರು ಚಿಕ್ಕವರು. ಗೊಂಬೆಯ ಅಳತೆಯಲ್ಲೇ ಊರಿನ ಪಂಕ್ತಿಭೇದ ಕೂತಿದೆ.

ಆದರೆ ಚಲನೆ ಈ ದರ್ಜೆಗೆ ಬಗ್ಗುವುದಿಲ್ಲ. ದೇವರು ಹೆಚ್ಚು ಅಲುಗಾಡಿದರೆ ದೇವರಾಗಿ ಉಳಿಯುವುದು ಕಷ್ಟ. ಒಂದೇ ಹಾಳೆಯ ರಾಮ ಪರದೆಗೆ ಬಂದು ನಿಂತನೆಂದರೆ ಆಯಿತು. ಭಾಗವತ ಹಾಡುತ್ತಾನೆ, ರಾಮ ಇರುತ್ತಾನೆ. ಕೀಲುಗಳೆಲ್ಲ ಸಲ್ಲುವುದು ಕುಣಿಯುವ ಹೆಣ್ಣಿಗೆ ಮತ್ತು ಕ್ಯಾತನಿಗೆ. ಚಿಕ್ಕವನು, ಕಪ್ಪನೆಯವನು, ಒಡವೆಯಿಲ್ಲದವನು, ಆಟದಲ್ಲಿ ಎಲ್ಲರಿಗಿಂತ ಹೆಚ್ಚು ಬದುಕಿರುವವನು ಅವನೇ. ಗಣಪತಿ, ಸರಸ್ವತಿಯ ಸ್ತುತಿ ಮುಗಿಯುತ್ತಿದ್ದಂತೆ ಪರದೆಗೆ ನುಗ್ಗಿ, ಹೆಂಡತಿಯನ್ನು ಕೂಗಿ, ಊರಿನ ಪಟೇಲನನ್ನೂ ಬಿಡದೆ ಕಿಚಾಯಿಸಿ ಹೋಗುತ್ತಾನೆ. ‘ಕ್ಯಾತೆ ತೆಗೆಯುವುದು’ ಎಂಬ ನಮ್ಮ ಮಾತಿನ ಜೊತೆಗೆ ಅವನ ಹೆಸರು ಕಿವಿಗೆ ನೆಂಟಸ್ತಿಕೆಯಂತೆ ಕೇಳುವುದು ಸುಮ್ಮನೆ ಅಲ್ಲ ಅನಿಸುತ್ತದೆ.

ಅವನನ್ನು ಒಂದು ಚಿತ್ರವಾಗಿ ಓದಿ ನೋಡಿ. ಮುಖ ಪಕ್ಕನೋಟದ್ದು, ಎದುರಿನಿಂದ ಕಾಣುವುದಿಲ್ಲ. ಮೂಗು, ತುಟಿ, ಗಲ್ಲ ಒಂದೇ ಗೆರೆಯಲ್ಲಿ ಮುಂದಕ್ಕೆ ಚಾಚಿವೆ, ಏಕೆಂದರೆ ಮಾತಾಡುವವನು ಯಾರೆಂದು ಕೊನೆಯ ಸಾಲಿನಲ್ಲಿ ಕೂತ ಮುದುಕಿಗೂ ತಿಳಿಯಬೇಕು. ತಲೆಯ ಮೇಲೆ ನೆಟ್ಟಗೆ ನಿಂತ ಜುಟ್ಟು. ಮುಂದೆ ಬಂದ ಹೊಟ್ಟೆ. ದೇವರ ಮೈಮೇಲಿನಂತೆ ಇಲ್ಲಿ ರಂಧ್ರಗಳ ಚಿತ್ತಾರ ಇಲ್ಲ, ಮೈ ಬಹುಪಾಲು ಗಟ್ಟಿ ಕಪ್ಪು. ಒಳಗಿನ ವಿವರವನ್ನೆಲ್ಲ ಬಿಟ್ಟು ಹೊರಗೆರೆಯೊಂದನ್ನೇ ನಂಬಿಕೊಂಡ ಆಕೃತಿ ಅದು. ಡಿಸ್ನಿಯ ಹಿರಿಯ ಕಲಾವಿದರಾದ ಫ್ರಾಂಕ್ ಥಾಮಸ್ ಮತ್ತು ಓಲಿ ಜಾನ್‌ಸ್ಟನ್ 1981ರ ತಮ್ಮ ‘ದಿ ಇಲ್ಯೂಷನ್ ಆಫ್ ಲೈಫ್’ ಪುಸ್ತಕದಲ್ಲಿ ಅನಿಮೇಷನ್ನಿನ ಹನ್ನೆರಡು ಸೂತ್ರಗಳನ್ನು ವಿವರಿಸುತ್ತ, ಪಾತ್ರದ ಭಂಗಿ ಬರೀ ನೆರಳಾಗಿ ಕಂಡರೂ ಅರ್ಥವಾಗಬೇಕು ಎಂಬುದಕ್ಕೆ ದೊಡ್ಡ ಜಾಗ ಕೊಡುತ್ತಾರೆ. ನೆರಳಿನಲ್ಲೇ ಜೀವನ ಮಾಡಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಾಲುಗಳ ಗುಟ್ಟು ಇನ್ನೂ ಚೆಂದ. ಗೊಂಬೆಯ ನಡುಮಧ್ಯೆ ಸೀಳಿದ ಬಿದಿರ ದಬ್ಬೆ ಇರುತ್ತದೆ, ಅದೇ ಬೆನ್ನೆಲುಬು. ಕೈಗಳಿಗೆ ಬೇಕಾದರೆ ಬೇರೆ ಕಡ್ಡಿ. ಸೊಂಟಕ್ಕೆ ಕಟ್ಟಿದ ಕಾಲುಗಳಿಗೆ ಕಡ್ಡಿಯೇ ಇಲ್ಲ, ಅವು ಜೋತಾಡುತ್ತವೆ. ಆಡಿಸುವವನು ದಬ್ಬೆಯನ್ನು ಒಮ್ಮೆ ಜಗ್ಗಿದರೆ ಮೈ ಮೊದಲು ಹೋಗುತ್ತದೆ, ಕಾಲು ಒಂದು ಗಳಿಗೆ ತಡವಾಗಿ ಹಿಂಬಾಲಿಸುತ್ತದೆ, ಮೈ ನಿಂತಮೇಲೂ ಕಾಲು ತೂಗುತ್ತದೆ. ಆ ಒಂದು ಗಳಿಗೆಯ ತಡವೇ ತೊಗಲಿಗೆ ತೂಕ ಕೊಡುವುದು. ಅದೇ ಪುಸ್ತಕದ ಇನ್ನೊಂದು ಸೂತ್ರವೂ ಇದನ್ನೇ ಹೇಳುತ್ತದೆ: ದೇಹದ ಎಲ್ಲ ಭಾಗಗಳೂ ಒಟ್ಟಿಗೆ ಹೊರಟು ಒಟ್ಟಿಗೆ ನಿಲ್ಲಬಾರದು. ಪರದೆಯ ಹಿಂದೆ ಆಡಿಸುವವನ ಸ್ವಂತ ಕಾಲೂ ಸುಮ್ಮನಿರುತ್ತಿರಲಿಲ್ಲ. ಜಗಳದ ಸನ್ನಿವೇಶ ಬಂದಾಗ ಕಾಲಡಿಯ ಹಲಗೆಯನ್ನು ಧಡಧಡ ತುಳಿದು ಸದ್ದೆಬ್ಬಿಸುತ್ತಿದ್ದ. ಮದ್ದಳೆ, ತಾಳ, ಹಲಗೆಯ ಸದ್ದು, ಜೋತಾಡುವ ಕಾಲು ಎಲ್ಲ ಒಂದು ಲಯಕ್ಕೆ ಬಂದಾಗ ಕ್ಯಾತ ನಿಜವಾಗಿ ನೆಲದ ಮೇಲೆ ಹೆಜ್ಜೆ ಇಟ್ಟಂತಾಗುತ್ತಿತ್ತು.

ಮೈಯನ್ನು ಹೀಗೆ ಗೆರೆಯಲ್ಲಿ ನೋಡುವ ಕಣ್ಣು ಈ ಸೀಮೆಗೆ ಗೊಂಬೆಯಿಂದಲೇ ಬಂದದ್ದೆಂದು ಹೇಳಲಾಗುವುದಿಲ್ಲ. ಕೋಲಾರ, ಮುಳಬಾಗಿಲಿನ ಬಯಲುಗಳಲ್ಲಿ ಗಂಗರ, ಬಾಣರ, ನೊಳಂಬರ ಕಾಲದ ವೀರಗಲ್ಲುಗಳು ನಿಂತಿವೆ. ಲೂಯಿಸ್ ರೈಸ್ 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ ಇಡಿಯಾಗಿ ಈ ಜಿಲ್ಲೆಗೇ ಮೀಸಲು. ನಾವು ವೀರಗಲ್ಲಿನ ಅಕ್ಷರ ಓದುತ್ತೇವೆ, ಚಿತ್ರ ನೋಡುವುದಿಲ್ಲ. ಒಂದು ಕಾಲು ಮುಂದಿಟ್ಟು, ಬಿಲ್ಲೆಳೆದು ಅಥವಾ ಕತ್ತಿ ಎತ್ತಿ ನಿಂತ ಇಡೀ ಮೈ. ಎದೆ ನಮ್ಮ ಕಡೆಗೆ, ಮುಖ ಮತ್ತು ಪಾದ ಶತ್ರುವಿನ ಕಡೆಗೆ. ಗೊಂಬೆಯಲ್ಲಿ ಕಾಣುವುದೂ ಇದೇ ತಿರುಚು. ಪಟ್ಟಿಕೆಗಳಿರುವ ವೀರಗಲ್ಲಿನಲ್ಲಂತೂ ಅದೇ ಮನುಷ್ಯ ಕೆಳಗೆ ಕಾದಾಡುತ್ತಾನೆ, ನಡುವೆ ಅಪ್ಸರೆಯರ ತೋಳಲ್ಲಿ ಏರುತ್ತಾನೆ, ಮೇಲೆ ಸ್ವರ್ಗದಲ್ಲಿ ಕೂತಿರುತ್ತಾನೆ. ಒಬ್ಬನೇ, ಮೂರು ಸಲ.

ಪೆನುಕೊಂಡೆ, ಹಿಂದೂಪುರದ ಕಡೆಗೆ ಹೋದರೆ ಲೇಪಾಕ್ಷಿ ಸಿಗುತ್ತದೆ. ವಿಜಯನಗರದ ಅಚ್ಯುತದೇವರಾಯನ ಕಾಲದಲ್ಲಿ ವಿರೂಪಣ್ಣ ಮತ್ತು ಅವನ ತಮ್ಮ ಕಟ್ಟಿಸಿದ ವೀರಭದ್ರ ದೇವಾಲಯದ ಚಾವಣಿಯಲ್ಲಿ ಸಾಲುಸಾಲಾಗಿ ನಡೆಯುವ ಮನುಷ್ಯರಿದ್ದಾರೆ. ಗಟ್ಟಿ ಹೊರಗೆರೆ, ಪಕ್ಕನೋಟದ ಮುಖ, ಉಬ್ಬಿದ ಕಣ್ಣು, ಗರಿಗರಿಯಾಗಿ ಚಾಚಿದ ಸೀರೆಯ ಅಂಚು. ತೊಗಲು ಗೊಂಬೆಯನ್ನೂ ಈ ಚಿತ್ರವನ್ನೂ ಅಕ್ಕಪಕ್ಕ ಇಟ್ಟವರು ಇವು ಒಂದೇ ಮನೆಯವು ಎನ್ನದೆ ಇರಲಾರರು. ಅಲ್ಲೇ ಒಂದೇ ಮೈಗೆ ಮೂರು ತಲೆಯಿರುವ ಹಸುವಿನ ಕೆತ್ತನೆಯೂ ಇದೆ. ಎರಡು ತಲೆಗಳನ್ನು ಅಂಗೈಯಿಂದ ಮುಚ್ಚಿದರೆ ಒಂದು ಹಸು. ಅಂಗೈ ಸರಿಸಿದರೆ ಅದೇ ಹಸು ತಲೆಯನ್ನು ಬೇರೆ ಕಡೆ ತಿರುಗಿಸಿರುತ್ತದೆ. ಮಕ್ಕಳು ಅದರ ಮುಂದೆ ಕೈ ಆಡಿಸುತ್ತ ನಿಲ್ಲುವುದನ್ನು ನೋಡಿದರೆ ಆ ಶಿಲ್ಪಿಗೆ ಏನು ಬೇಕಿತ್ತೆಂದು ಗೊತ್ತಾಗುತ್ತದೆ. ಕಲ್ಲು ಅಲುಗಾಡದು, ಆದ್ದರಿಂದ ನೋಡುವವನ ಕೈಯನ್ನೇ ಅಲುಗಾಡಿಸಿದ. ಗೊಂಬೆಯವನು ಅದನ್ನೇ ದಾರದ ಗಂಟಿನಿಂದ ಸಾಧಿಸಿದ.

ಈ ಜಾಣತನವನ್ನು ಉಳಿಸಿಕೊಂಡು ಬಂದವರು ಯಾರು? ಗೊಂಬೆಯ ಹೆಸರೇ ಜಾತಿಯ ಹೆಸರೂ ಆಯಿತು. ಹಳೆಯ ಮೈಸೂರಿನಲ್ಲಿ ಅವರನ್ನು ಕಿಳ್ಳೇಕ್ಯಾತರು ಎಂದರು, ಉತ್ತರದಲ್ಲಿ ಶಿಳ್ಳೇಕ್ಯಾತರು ಎಂದರು. ಮನೆಯೊಳಗೆ ಮರಾಠಿಯ ಒಂದು ಬಗೆ, ಪರದೆಯ ಹಿಂದೆ ಕನ್ನಡ ಅಥವಾ ತೆಲುಗು. ಆಟ ಇಲ್ಲದಾಗ ಮೀನು ಹಿಡಿದು ಬದುಕಿದರು. ಮಳೆ ಕೈಕೊಟ್ಟ ವರ್ಷ ಊರವರೇ ಕರೆದು ಆಟ ಆಡಿಸುತ್ತಿದ್ದರು, ಗೊಂಬೆ ಕುಣಿದರೆ ಮಳೆ ಬರುತ್ತದೆಂಬ ನಂಬಿಕೆಯಿಂದ. ಕೆರೆಗಳನ್ನೇ ನಂಬಿದ ಕೋಲಾರದಂಥ ನಾಡಿನಲ್ಲಿ ಅದು ಸಣ್ಣ ನಂಬಿಕೆಯಲ್ಲ. ಆಟಕ್ಕೆ ಕರೆದವರು ಆಟ ಮುಗಿದಮೇಲೆ ಊರ ಹೊರಗೇ ಉಳಿಸಿದರು. ಇಷ್ಟು ಸೂಕ್ಷ್ಮವಾಗಿ ಮೈಯನ್ನು ಬಲ್ಲ ಚಿತ್ರಗಾರರಲ್ಲಿ ಒಬ್ಬರ ಹೆಸರೂ ನಮ್ಮ ಕಲಾಚರಿತ್ರೆಯ ಪುಸ್ತಕಗಳಲ್ಲಿ ಸುಲಭಕ್ಕೆ ಸಿಗದಿರುವುದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ.

ಜರ್ಮನಿಯ ಲೊಟ್ಟೆ ರೈನಿಗರ್ ಕಪ್ಪು ಕಾಗದವನ್ನು ಕತ್ತರಿಯಲ್ಲಿ ಕತ್ತರಿಸಿ, ಕೀಲು ಕಟ್ಟಿ, ಚೂರುಚೂರೇ ಸರಿಸುತ್ತ ಫೋಟೋ ತೆಗೆದು 1926ರಲ್ಲಿ ‘ರಾಜಕುಮಾರ ಅಹ್ಮದನ ಸಾಹಸಗಳು’ ಎಂಬ ಪೂರ್ಣಾವಧಿ ಚಿತ್ರ ಮುಗಿಸಿದರು. ನೆರಳಾಟದ ದೊಡ್ಡ ಅಭಿಮಾನಿ ಆಕೆ, ಆ ಋಣವನ್ನು ಮುಚ್ಚಿಡಲಿಲ್ಲ. ಅಲ್ಲಿ ನೆರಳಾಟ ಸಿನಿಮಾದೊಳಕ್ಕೆ ಹೋಯಿತು. ನಮ್ಮಲ್ಲಿ ಸಿನಿಮಾ ನೆರಳಾಟದ ಜಾಗಕ್ಕೆ ಬಂದು ಕೂತಿತು. ಟೂರಿಂಗ್ ಟಾಕೀಸಿನ ಡೇರೆ ಎದ್ದ ಊರಿನಲ್ಲಿ ಪಂಚೆಯ ಪರದೆಗೆ ಎಷ್ಟು ಜನ ಬಂದಾರು?

ಗೊಂಬೆಗಳು ಆಮೇಲೆ ಎರಡು ದಾರಿ ಹಿಡಿದವು. ಒಂದು, ಸಂಗ್ರಹಾಲಯದ ದಾರಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ಊರೂರು ತಿರುಗಿ ಹಳೆಯ ಗೊಂಬೆಗಳನ್ನು ಕಲೆಹಾಕಿದರು, ಅವುಗಳ ಶೈಲಿಯನ್ನು ಅಧ್ಯಯನ ಮಾಡಿದರು. ಅವರು ಇಲ್ಲದಿದ್ದರೆ ಇವತ್ತು ಮಾತಾಡಲು ನಮಗೆ ಇಷ್ಟೂ ಇರುತ್ತಿರಲಿಲ್ಲ. ಆದರೂ ಗಾಜಿನ ಹಿಂದೆ ನೇತುಹಾಕಿದ ಗೊಂಬೆಯನ್ನು ನೋಡುವಾಗ ಕೀಲು ಎಲ್ಲಿದೆ ಎಂದು ಯಾರೂ ಹುಡುಕುವುದಿಲ್ಲ. ಕಣ್ಣು ಕಿರೀಟದ ಮೇಲೆ, ಬಣ್ಣದ ಮೇಲೆ. ಅಲ್ಲಿ ರಾಮ ಗೆಲ್ಲುತ್ತಾನೆ, ಕ್ಯಾತ ಸೋಲುತ್ತಾನೆ. ಕೆಲವು ಮನೆತನಗಳಲ್ಲಿ ಹರಿದು ಹಳತಾದ ಗೊಂಬೆಯನ್ನು ಪೂಜೆ ಮಾಡಿ ನೀರಿಗೆ ಬಿಡುತ್ತಿದ್ದರು. ಆಡದ ಗೊಂಬೆಯನ್ನು ಇಟ್ಟುಕೊಳ್ಳಬಾರದೆಂಬ ಭಾವನೆ ಅದರ ಹಿಂದೆ ಇದ್ದೀತು.

ಇನ್ನೊಂದು, ಪ್ರಚಾರದ ದಾರಿ. ಸ್ವಾತಂತ್ರ್ಯಾನಂತರ ಸರ್ಕಾರ ಜನಪದ ಕಲೆಗಳನ್ನು ಯೋಜನೆಗಳ ಸಂದೇಶ ಸಾರಲು ಬಳಸಿತು. ಮೇಳಗಳಿಗೆ ಸಂಬಳದಂಥದ್ದು ಸಿಕ್ಕಿತು, ಅದು ಒಳ್ಳೆಯದೇ. ಆದರೆ ಪೋಲಿ ಮಾತಿನ, ಯಾರನ್ನೂ ಲೆಕ್ಕಿಸದ ಕ್ಯಾತ ಕುಟುಂಬ ಯೋಜನೆ, ಸಾಕ್ಷರತೆಯ ಬಗ್ಗೆ ಉಪದೇಶ ಮಾಡತೊಡಗಿದ. ಪಟೇಲನನ್ನು ಬೈಯುತ್ತಿದ್ದವನು ಪಟೇಲನ ಮಾತನ್ನೇ ಆಡತೊಡಗಿದ ಹಾಗೆ. ಅವನ ಅಶ್ಲೀಲವನ್ನು ಮಡಿವಂತಿಕೆಯಿಂದ ಒರೆಸಿಹಾಕಿದ್ದರಿಂದ ಕಲೆ ಮೇಲೇರಿತು ಎಂದು ವಾದಿಸುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಆ ಪೋಲಿತನಕ್ಕೆಂದೇ ಅಷ್ಟು ಕೀಲುಗಳು ಹುಟ್ಟಿದ್ದು.

ಹೀಗೆ ಪರದೆಯಲ್ಲಿ ಕ್ಯಾತ ಮಂಕಾಗುತ್ತಿದ್ದ ಕಾಲದಲ್ಲೇ ಕಾಗದದ ಮೇಲೆ ಇನ್ನೊಬ್ಬ ಹುಟ್ಟಿದ. ಡಾ. ಎಂ. ಶಿವರಾಂ, ಅಂದರೆ ನಮ್ಮ ‘ರಾಶಿ’, 1942ರಲ್ಲಿ ‘ಕೊರವಂಜಿ’ ಪತ್ರಿಕೆ ಶುರು ಮಾಡಿದಾಗ ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಅದಕ್ಕೆ ವ್ಯಂಗ್ಯಚಿತ್ರ ಬರೆದುಕೊಟ್ಟರು. ಕನ್ನಡದ ದೊಡ್ಡ ಹಾಸ್ಯಪತ್ರಿಕೆಗೆ ಅಲೆಮಾರಿ ಕಣಿಯವಳ ಹೆಸರು ಬಿದ್ದದ್ದು ಅರ್ಥಪೂರ್ಣವಾಗಿದೆ. ನಗುವಿನ ಜವಾಬ್ದಾರಿಯನ್ನು ನಾವು ಯಾವಾಗಲೂ ಊರೊಳಗೆ ಮನೆ ಇಲ್ಲದವರಿಗೇ ವಹಿಸಿದ್ದೇವೆ. ಲಕ್ಷ್ಮಣ್ ಮುಂದೆ ಮುಂಬೈ ಸೇರಿ, 1951ರಲ್ಲಿ ಆರಂಭವಾದ ‘ಯೂ ಸೆಡ್ ಇಟ್’ ಅಂಕಣದಲ್ಲಿ ಚೌಕುಳಿ ಕೋಟು, ಪಂಚೆ, ಕನ್ನಡಕ, ಬಿಳಿ ಮೀಸೆಯ ಶ್ರೀಸಾಮಾನ್ಯನನ್ನು ನಿಲ್ಲಿಸಿದರು. 1954ರಲ್ಲಿ ಏಷ್ಯನ್ ಪೇಂಟ್ಸಿಗೆ ಬಣ್ಣದ ಡಬ್ಬಿ ಹಿಡಿದ ತುಂಟ ಗಟ್ಟು ಬಂದ. ಗಟ್ಟುವಿನಲ್ಲಿ ಕ್ಯಾತನ ರಕ್ತ ಇದೆ. ಮೈಯೆಲ್ಲ ವಾಲಿಕೊಂಡು, ಈಗ ಏನೋ ಕಿತಾಪತಿ ಮಾಡಿ ಓಡುವ ಭಂಗಿ.

ಶ್ರೀಸಾಮಾನ್ಯನದು ಬೇರೆ ಕಥೆ. ಅವನು ಮಾತಾಡುವುದಿಲ್ಲ, ಕೈ ಬೀಸುವುದಿಲ್ಲ, ಮೂಲೆಯಲ್ಲಿ ನಿಂತು ನೋಡುತ್ತಾನೆ. ಅವನ ಸುತ್ತ ಮಂತ್ರಿಗಳು, ಅಧಿಕಾರಿಗಳು ಕೈಕಾಲು ಎತ್ತಿ ಕುಣಿಯುತ್ತಾರೆ. ಗೊಂಬೆಯಾಟದಲ್ಲಿ ದೊಡ್ಡವರು ಅಲುಗಾಡುತ್ತಿರಲಿಲ್ಲ, ಕೀಲಿದ್ದದ್ದು ಚಿಕ್ಕವನಿಗೆ. ಲಕ್ಷ್ಮಣ್ ಅದನ್ನು ತಿರುಗಿಸಿಟ್ಟರು. ಪ್ರಜಾಪ್ರಭುತ್ವ ಬಂದಮೇಲೆ ಕೀಲುಗಳೆಲ್ಲ ಆಳುವವರ ಪಾಲಾದವು, ಶ್ರೀಸಾಮಾನ್ಯ ಒಂದೇ ಹಾಳೆಯಾದ. ಪುಣೆಯಲ್ಲಿ ಅವನಿಗೆ ಪ್ರತಿಮೆ ಎತ್ತಿದಾಗ ಕೆಲಸ ಪೂರ್ತಿಯಾಯಿತು. ಕ್ಯಾತನ ಪ್ರತಿಮೆ ಮಾಡುವುದು ಹೇಗೆಂದು ಯೋಚಿಸಿ ನೋಡಿ. ಆಗುವುದೇ ಇಲ್ಲ.

ಈಚೆಗೆ ಮನ್ನಣೆ ಬಂದಿದೆ. ಗಡಿಯಾಚೆ ಧರ್ಮಾವರದ ಬಳಿಯ ನಿಮ್ಮಲಕುಂಟದ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ, ಕೊಪ್ಪಳದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಕಿಳ್ಳೇಕ್ಯಾತನ ಹೆಸರು ಹೊತ್ತ ಮನೆತನದ ಅಜ್ಜಿಯೊಬ್ಬರ ಹೆಸರು ಆ ಪಟ್ಟಿಯಲ್ಲಿ ಬಂದದ್ದು ಸಣ್ಣ ಸಂಗತಿಯಲ್ಲ. ಅದೇ ನಿಮ್ಮಲಕುಂಟದಲ್ಲಿ ಈಗ ಹೊಟ್ಟೆ ತುಂಬಿಸುವುದು ತೊಗಲಿನ ದೀಪದ ಬುರುಡೆಗಳು. ಗೆರೆ ಅದೇ, ಉಳಿ ಅದೇ, ಬೆಳಕೂ ಹಿಂದಿನಿಂದಲೇ ಬರುತ್ತದೆ. ಕೀಲು ಒಂದಿಲ್ಲ.

ಬೆಳಗಿನ ರೈಲಿನಲ್ಲಿ ಬಂಗಾರಪೇಟೆ, ಮಾಲೂರಿನಿಂದ ಬೆಂಗಳೂರಿಗೆ ಹೋಗುವ ಗುಂಪಿನಲ್ಲಿ ಅನಿಮೇಷನ್ ಕಲಿಯುವ ಹುಡುಗ ಹುಡುಗಿಯರೂ ಇರುತ್ತಾರೆ. ಎರಡು ಆಯಾಮದ ಪಾತ್ರವೊಂದನ್ನು ಅವರಿಗೆ ಮೊದಲು ಬರೆಯಲು ಹೇಳುವುದು ತುಂಡುತುಂಡಾಗಿ: ತಲೆ, ಮುಂಡ, ಮೇಲ್ತೋಳು, ಮುಂಗೈ, ತೊಡೆ, ಮೀನಖಂಡ, ಪಾದ. ಪ್ರತಿ ತುಂಡಿನ ತುದಿಯನ್ನು ದುಂಡಗೆ ಮಾಡಿ ಪಕ್ಕದ ತುಂಡಿನ ಅಡಿಗೆ ಸ್ವಲ್ಪ ಜಾಸ್ತಿಯೇ ಚಾಚಬೇಕು; ಇಲ್ಲದಿದ್ದರೆ ತೋಳು ಎತ್ತಿದಾಗ ಭುಜದಲ್ಲಿ ಬಿರುಕು ಕಾಣುತ್ತದೆ. ಆಮೇಲೆ ತೋಳು ಎಲ್ಲಿಂದ ತಿರುಗಬೇಕೋ ಆ ಜಾಗದಲ್ಲಿ ಒಂದು ಚುಕ್ಕಿ ಇಡಬೇಕು. ಕಂಪ್ಯೂಟರಿನ ಪರದೆಯಲ್ಲಿ ಅದನ್ನು ಪಿವಟ್ ಅನ್ನುತ್ತಾರೆ. ಗೊಂಬೆಯವರು ಅದೇ ಜಾಗದಲ್ಲಿ ಎರಡು ತೊಗಲಿಗೂ ಸೇರಿಸಿ ತೂತು ಹಾಕಿ, ದಾರ ಪೋಣಿಸಿ, ಎರಡೂ ಮಗ್ಗುಲಿಗೆ ಗಂಟು ಹಾಕುತ್ತಿದ್ದರು, ತೀರ ಬಿಗಿಯಾಗದಂತೆ.